ತಪ್ಪಿಲ್ಲದ ವಾಕ್ಯ

ಸಂದರ್ಶನಕ್ಕೆ ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ಕೆಲಸ ಬೇಕಾಗಿದ್ದುದು ತಾಯಿಗೆ.

“ಐ ಟೂ ಡಾಟರ್ಸ್ ಹ್ಯಾವ್.”

“ಅಯ್ಯೋ ಅಮ್ಮಾ, ಹ್ಯಾವ್ ಕೊನೇಲಿ ಬರಲ್ಲ ಅಂತ ಎಷ್ಟು ಸಲ ಹೇಳೋದು! ಇರ್ಲಿ, ಇದನ್ನ ಜೋಡ್ಸು: ಯೆಸ್ಟರ್‌ಡೇ, ಮ್ಯಾರೀಡ್, ಮೈ ಸಿಸ್ಟರ್, ಗಾಟ್.”

“ಮೈ ಸಿಸ್ಟರ್... ಗಾಟ್ ಮ್ಯಾರೀಡ್ ಯೆಸ್ಟರ್‌ಡೇ. ಸರೀನಾ?”

“ಸರಿ. ಅರ್ಥ?”

“ನನ್ನ ತಂಗಿಗೆ ನಿನ್ನೆ ಮದ್ವೆ ಆಯ್ತು. ಅವಳ ಮಗನಿಗೇ ಮೀಸೆ ಬಂದಿದೆಯಲ್ಲೇ!”

“ನಿನ್ನ ತಂಗಿಗಲ್ಲಮ್ಮ. ನನ್ನ ಅಕ್ಕಂಗೆ.”

ತಾಯಿಯ ನಗು ಅಲ್ಲೇ ನಿಂತಿತು.

“ಯಾರ ಜೊತೆ?”

“ನೀನು ಬಾಗಿಲಿಂದಲೇ ವಾಪಸ್ ಕಳ್ಸಿದ್ಯಲ್ಲ, ಆ ಡ್ರೈವರ್ ಜೊತೆ.”

“ಇವತ್ತು ಬೆಳಿಗ್ಗೆ ಅವಳೇ ನನ್ನ ತಲೆ ಬಾಚಿದ್ಲಲ್ಲೇ!”

ಒಳಗಿನಿಂದ ಕರೆದರು. ತಾಯಿ ಎದ್ದರು. ಬಾಗಿಲ ಬಳಿ ತಿರುಗಿ, ಒಮ್ಮೆಯೂ ತಡವರಿಸದೆ ಮಗಳಿಗೆ ಹೇಳಿದರು:

“ಐ ಹ್ಯಾವ್ ಒನ್ ಡಾಟರ್.”