ಶಾಲೆಯ ಹಿತ್ತಲಲ್ಲಿ ನನ್ನ ಹಲ್ಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹೆಡ್‌ಮಾಸ್ಟರೇ, ವಿಜ್ಞಾನದ ಟೀಚರಮ್ಮನವರೇ, ಸಭಿಕರೇ, ಮುಂದೆ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿರುವ ಮಕ್ಕಳೇ,

ಹಿರಿಯರೊಬ್ಬರು ಎರಡು ಮಾತಾಡಲಿ ಎಂದು ಕರೆದಿರಿ. ನನ್ನ ಮಾತು ಸ್ವಲ್ಪ ಸೋರುತ್ತದೆ, ಮನ್ನಿಸಬೇಕು. ನನ್ನ ಹಲ್ಲಿನ ಸೆಟ್ಟು ಇದೇ ಶಾಲೆಯ ಹಿತ್ತಲ ಮಣ್ಣಿನಲ್ಲಿದೆ.

ನಗಿ, ನಗಿ. ನಾನೂ ನಕ್ಕಿದ್ದೇನೆ, ಬೊಚ್ಚು ಬಾಯಲ್ಲಿ.

ಆದದ್ದಿಷ್ಟು. ಮಣ್ಣಿನಲ್ಲಿ ಏನು ಕರಗುತ್ತದೆ, ಏನು ಕರಗುವುದಿಲ್ಲ ನೋಡೋಣ, ಮನೆಯಿಂದ ಬೇಡದ್ದೊಂದು ವಸ್ತು ತನ್ನಿ ಎಂದು ಟೀಚರಮ್ಮ ಮೂರನೇ ಕ್ಲಾಸಿಗೆ ಹೇಳಿದರು. ಒಬ್ಬ ಬಾಳೆಹಣ್ಣಿನ ಸಿಪ್ಪೆ ತಂದ, ಒಬ್ಬಳು ಮೊಳೆ ತಂದಳು. ನನ್ನ ಮೊಮ್ಮಗಳು ಲೋಟದಲ್ಲಿದ್ದ ನನ್ನ ಹಲ್ಲು ತಂದಳು! "ಯಾಕೇ ಕತ್ತೆ?" ಅಂದರೆ, "ಅಜ್ಜೀ, ಈ ದರಿದ್ರ ಸೆಟ್ಟು ಯಾರಿಗೆ ಬೇಕು ಅಂತ ನೀನೇ ದಿನಾ ಅಂತೀಯಲ್ಲ!" ಅಂದಳು.

ಕಾಲು ಕೆದರಿಕೊಂಡು ಜಗಳಕ್ಕೇ ಬಂದೆ. ತಂದದ್ದನ್ನೆಲ್ಲ ಹೂತಿದ್ದ ಗುಂಡಿಯ ಸುತ್ತ ಮಕ್ಕಳು ಕುಕ್ಕರಗಾಲಲ್ಲಿ ಕೂತು ವಾದ ಮಾಡುತ್ತಿದ್ದವು: ಅಜ್ಜಿ ಮೊದಲು ಕರಗುತ್ತಾಳೋ, ಅವಳ ಹಲ್ಲು ಮೊದಲೋ? ಜಗಳ ಮರೆತು, "ನಿಜವಾಗ್ಲೂ ಕರಗುತ್ತಾ ಟೀಚರಮ್ಮಾ?" ಎಂದು ನಾನೇ ಕೇಳಿಬಿಟ್ಟೆ. "ಕರಗೋದಿಲ್ಲ ಅಂದ್ಕೊಂಡಿದ್ದೀನಿ ಅಜ್ಜಿ. ಬಣ್ಣ ಹೋಗುತ್ತೋ ಏನೋ, ನನಗೂ ಗೊತ್ತಿಲ್ಲ. ನೋಡೋಣ" ಅಂದರು.

ಗೊತ್ತಿಲ್ಲ ಎನ್ನುವ ಮೇಷ್ಟರನ್ನು ನೀವು ಕಂಡಿದ್ದೀರಾ? ನಾನು ಕಂಡಿರಲಿಲ್ಲ. ಕಾದ ಕಾವಲಿಯ ಮೇಲೆ ನೀರಿನ ಹನಿ ಯಾಕೆ ಕುಣಿದು ಓಡುತ್ತದೆ ಎಂದು ಚಿಕ್ಕಂದಿನಲ್ಲಿ ನಾನೂ ಕೇಳಿದ್ದೆ. "ಕಾವಲಿ ಕಾಯಿಸೋಳಿಗೆ ಅದೆಲ್ಲ ಯಾಕೆ?" ಅಂದರು ನಮ್ಮ ಮೇಷ್ಟರು. ಆ ವರ್ಷವೇ ಮನೆಯವರು ಶಾಲೆ ಬಿಡಿಸಿದರು. ಇವತ್ತಿಗೂ ಕಾವಲಿಗೆ ನೀರು ಚಿಮುಕಿಸಿ ನೋಡುತ್ತ ನಿಂತುಬಿಡುತ್ತೇನೆ. ನಮ್ಮ ಮನೆಯಲ್ಲಿ ಅಡುಗೆ ಸೀಯುವುದು ಯಾಕೆಂದು ಸೊಸೆಗೆ ಈಗ ಗೊತ್ತಾಗಿರಬೇಕು.

ಅಗೋ, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತವನು ನನ್ನ ಮಗ. "ನಮ್ಮ ತಾಯಿಗೆ ಊಟ ಸೇರುತ್ತಿಲ್ಲ, ಈ ಮಣ್ಣಾಟದ ಪಾಠ ನಿಲ್ಲಿಸಿ" ಎಂದು ದೂರು ಕೊಟ್ಟಿದ್ದಾನೆ. ಸಭೆ ಮುಗಿದ ಕೂಡಲೇ ಗುಂಡಿ ಅಗೆಸುತ್ತೇನೆ, ಪಾಠವನ್ನೂ ನಿಲ್ಲಿಸುತ್ತೇನೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದಾರೆ. ಅಲ್ಲವೋ ಮಗನೇ, ಹಲ್ಲು ನನ್ನದು, ಹಸಿವು ನನ್ನದು, ದೂರು ಮಾತ್ರ ನಿನ್ನದಾ?

ಅಧ್ಯಕ್ಷರೇ, ರಜೆ ಕಳೆದ ಮೇಲೆ ಅಗೆಯಬೇಕೆಂದು ಮಕ್ಕಳು ಗುರುತಿಗೆ ಕೋಲು ನೆಟ್ಟು ಕಾಯುತ್ತಿದ್ದಾರೆ. ಅವರ ಜೊತೆ ನಾನೂ ಕಾಯುತ್ತಿದ್ದೇನೆ. ಮೆತ್ತಗೆ ಬೇಯಿಸಿ ಹಾಕಿದರೆ ಅಲ್ಲಿಯವರೆಗೆ ನಾನೇನೂ ಸಾಯುವುದಿಲ್ಲ. ಇವತ್ತೇ ಅಗೆಸಿ, ತೊಳೆದು, ತಟ್ಟೆಯಲ್ಲಿಟ್ಟು ಸನ್ಮಾನ ಮಾಡಿ ಕೊಟ್ಟರೂ ಆ ಸೆಟ್ಟಿಗೆ ನಾನು ಬಾಯಿ ತೆರೆಯುವುದಿಲ್ಲ.

ಸೋರುವ ಮಾತನ್ನು ಸೋಸಿಕೊಂಡು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.