ಇಂದ್ರಾಣಮ್ಮನ ಮನೆಯ ಕೆಂಪು ಮಿಣುಕು

ಆ ಕಿಟಕಿಯನ್ನು ಸ್ವಲ್ಪ ಮುಚ್ಚಿರಿ... ಇದು ಗಟ್ಟಿಯಾಗಿ ಹೇಳುವ ಸಂಗತಿಯಲ್ಲ.

ನನ್ನ ತಂಗಿಯ ಮಗ ಗಿರಿಗೆ ಆದದ್ದು. ಅವನು ಚಿನ್ನದ ಗಣಿಯ ಊರಿನ ಚಾಂಪಿಯನ್ ಸ್ಟೇಷನ್ನಿನಲ್ಲಿ ಕಡೆಯ ರೈಲು ಇಳಿದು ಒಬ್ಬನೇ ನಡೆದ. ಬೀದಿದೀಪವಿಲ್ಲ. ಒಂದು ಕಡೆ ಗಣಿಯ ಮಣ್ಣಿನ ದಿಬ್ಬ, ಇನ್ನೊಂದು ಕಡೆ ಅರ್ಧಕ್ಕರ್ಧ ಬೀಗ ಬಿದ್ದ ಮನೆಗಳ ಸಾಲು. ಸಾಲಿನ ತುದಿಯಲ್ಲಿ ಒಂದು ಪಾಳು ಬಾವಿ. ಅದರ ಪಕ್ಕಕ್ಕೆ ಬಂದಾಗ ಒಳಗೆ ಮಣ್ಣಿನ ಹೆಂಟೆಯೊಂದು ಕಳಚಿ ನೀರಿಗೆ ಬಿತ್ತು... ಗುಳುಂ. ಅವನು ತಿರುಗಿ ನೋಡಲಿಲ್ಲ.

ಅವನು ಅಲ್ಲಿಗೆ ಹೋದದ್ದೇಕೆಂಬುದನ್ನು ಮೊದಲು ಹೇಳಬೇಕು. ಗಿರಿ ಬಂಗಾರಪೇಟೆಯ ಬಳಿಯ ನಮ್ಮ ಹಳ್ಳಿಯಲ್ಲೇ ಇರುವವನು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾನೆ. ಉಳಿದ ಹೊತ್ತಿನಲ್ಲಿ ಅವನದು ಬೇರೊಂದು ಕಸುಬು. ಬೆಂಕಿಪೊಟ್ಟಣದಷ್ಟೇ ಇರುವ ಕಂಪ್ಯೂಟರ್ ಬೋರ್ಡುಗಳಿವೆಯಲ್ಲ, ಅವುಗಳ ಪ್ರೋಗ್ರಾಮನ್ನು ಕೆಲಸಕ್ಕೆ ತಕ್ಕಂತೆ ತಿದ್ದುತ್ತಾನೆ. ಮುಚ್ಚಿದ ಗಣಿಗಳ ಮೇಲಿನ ನೆಲ ಎಲ್ಲಿ ಅದುರುತ್ತದೆಂದು ತಿಳಿಯಲು ಒಂದು ಕಾಲೇಜಿನವರು ಅಂಥ ಬೋರ್ಡುಗಳನ್ನು ಚಾಂಪಿಯನ್ ರೀಫ್ಸಿನ ಕೆಲವು ಮನೆಗಳಲ್ಲಿ ಇವನ ಕೈಯಿಂದಲೇ ಹಾಕಿಸಿದ್ದರು. ನೆಲ ಅದುರಿದರೆ ಬೋರ್ಡು ಎಚ್ಚರಗೊಂಡು ಬರೆದುಕೊಳ್ಳಬೇಕು. ಉಳಿದಂತೆ ಮಲಗಿರಬೇಕು. ಮಲಗಿದ್ದರೆ ಮಾತ್ರ, ಬಿಸಿಲಿಗೆ ತುಂಬಿಕೊಳ್ಳುವ ಅದರ ಪುಟ್ಟ ಬ್ಯಾಟರಿ ಮರುಬೆಳಗಿನ ಬಿಸಿಲಿನವರೆಗೆ ಬಾಳುತ್ತದೆ.

ಅವುಗಳಲ್ಲಿ ಒಂಟಿ ಮುದುಕಿ ಇಂದ್ರಾಣಮ್ಮನ ಮನೆಯ ಬೋರ್ಡು ಮಾತ್ರ ದಿನವೂ ಬೆಳಗಾಗುವುದರೊಳಗೆ ಸಾಯುತ್ತಿತ್ತು.

ಗಿರಿ ಊರಿನಲ್ಲಿ ಕುಳಿತೇ ಅದರ ದಾಖಲೆ ತೆಗೆದು ನೋಡಿದ. ಪ್ರತಿ ರಾತ್ರಿ ಸಣ್ಣ ಅದುರುಗಳು. ಒಂದೇ ಅಂತರ, ಒಂದೇ ಲಯ. ಮೊದಲು ಬಲು ಕ್ಷೀಣ, ಬರಬರುತ್ತ ಬಲ, ಬಳಿಕ ದೀರ್ಘ ಮೌನ, ಮತ್ತೆ ಮೆಲ್ಲಮೆಲ್ಲನೆ ಕ್ಷೀಣ. ಯಾರೋ ಮನೆಯವರೆಗೆ ನಡೆದು ಬಂದು, ನಿಂತು, ಹಿಂದಿರುಗಿದಂತೆ. ರಾತ್ರಿಯ ಗಸ್ತಿನವನಿರಬೇಕೆಂದು ಬಗೆದು, ಇಂಥ ಅದುರಿಗೆ ಏಳಬೇಡವೆಂದು ಪ್ರೋಗ್ರಾಮಿನಲ್ಲಿ ಬರೆದ. ಅದುರಿದಾಗಲೆಲ್ಲ ಅದುರಿನ ಬಲಕ್ಕೆ ತಕ್ಕಂತೆ ಮಿನುಗುತ್ತಿದ್ದ ಸಾಸಿವೆಯಷ್ಟು ಕೆಂಪು ದೀಪವನ್ನೂ ಆರಿಸಿಬಿಟ್ಟ. ಬ್ಯಾಟರಿ ಉಳಿಸಲು ಹೊರಟವರು ಮೊದಲು ಮಾಡುವುದೇ ಅದು.

ಮರುದಿನವೇ ಫೋನು.

"ಗಿರಿ... ದೀಪ ಓಯ್ತಲ್ಲಪ್ಪಾ."

"ಓಗಿಲ್ಲಮ್ಮ, ನಾನೇ ಆರ್ಸಿದೀನಿ. ಬ್ಯಾಟ್ರಿ ಉಳೀಲಿ ಅಂತ."

"ಉಳ್ದು ಏನ್ ಮಾಡ್ಬೇಕು? ಆಕ್ಬುಡು."

ದಿನದಿನವೂ ಅದೇ ಮಾತು. ಕಡೆಗೊಂದು ದಿನ ಆಕೆ ಮಾತಾಡಲಿಲ್ಲ. ಫೋನಿನಲ್ಲಿ ಬರಿಯ ಉಸಿರು ಕೇಳಿಸಿತು. ಬೋರ್ಡಿಗೆ ಅವನು ಎಷ್ಟು ಗಾಢವಾದ ನಿದ್ರೆಯನ್ನು ಕಲಿಸಿದ್ದನೆಂದರೆ ದೂರದಿಂದ ಕರೆದರೆ ಅದು ಏಳದು. ಹೋಗಿ ವೈರು ಚುಚ್ಚಿಯೇ ಎಬ್ಬಿಸಬೇಕು. ಆದುದರಿಂದ ಸಂಜೆಯ ಹಾಲು ಹಾಕಿದವನೇ ರೈಲು ಹತ್ತಿದ.

ಇಂದ್ರಾಣಮ್ಮ ಕತ್ತಲಲ್ಲೇ ಕುಳಿತಿದ್ದಳು. ಒಂದೇ ಕೋಣೆಯ ಮನೆ. ಮಕ್ಕಳಿಲ್ಲ. ಸಾಲಿನ ಗಂಡಾಳುಗಳು ಕೂಲಿಗೆಂದು ನಸುಕಿನ ರೈಲಿಗೆ ಹೋದರೆ ಬರುವುದು ಇರುಳಿಗೆ. ಬಂದವರು ಉಂಡು ಮಲಗುವರು. ಗೋಡೆಯಾಚೆಯ ಕನಕಮ್ಮನೊಬ್ಬಳನ್ನು ಬಿಟ್ಟರೆ ಆಕೆಯೊಡನೆ ಮಾತಾಡುವವರಿರಲಿಲ್ಲ.

ಗಿರಿ ಲ್ಯಾಪ್‌ಟಾಪ್ ತೆರೆದ. ಆಕೆ ಪಿಸುಗುಟ್ಟಿದಳು.

"ದಿನಾ ಬಾವಿ ಕಡೆಯಿಂದ ಬತ್ತಾರೆ. ಬಾಗ್ಲಾಗೆ ನಿಲ್ತಾರೆ. ಆಮೇಲೆ ಓಯ್ತಾರೆ."

"ಯಾರಮ್ಮಾ?"

"ಇನ್ಯಾರು... ನಮ್ಮೋರು."

ಆಕೆಯ ಗಂಡ ಆರುಮುಗಂ. ಗಣಿ ನಡೆಯುತ್ತಿದ್ದ ಕಾಲದಲ್ಲಿ ರಾತ್ರಿ ಪಾಳಿಗೆ ಇಳಿದವನು. ಆಳದಲ್ಲಿ ಬಂಡೆ ಸಿಡಿದು ಕುಸಿಯಿತು. ಹೆಣವೂ ಮೇಲೆ ಬರಲಿಲ್ಲ.

ಗಿರಿಯ ಬೆರಳು ನಿಂತಿತು. "ಸದ್ದು ಕೇಳ್ತದಾ?"

"ಇಲ್ಲಪ್ಪ. ಎಷ್ಟು ವರ್ಷದಿಂದ ಬತ್ತಾವ್ರೋ, ನಂಗೆ ಗೊತ್ತೇ ಇರ್ಲಿಲ್ಲ. ನೀನು ದೀಪ ತಂದಿಟ್ಟ ಮೇಲೇ ಗೊತ್ತಾಗಿದ್ದು."

"ಒಳಿಕ್ಕೆ ಕರೀಲಿಲ್ವಾ?"

"ಸತ್ತೋರ್ನ ಕರೀಬಾರ್ದಂತೆ. ಕರೆದ್ರೆ ಜೊತೆಗೇ ಕರ್ಕೊಂಡ್ ಓಗ್ತಾರಂತೆ. ಅದ್ಕೇ ದೀಪ ನೋಡ್ಕೊಂಡು ಸುಮ್ನೆ ಕುಂತಿರ್ತಿದ್ದೆ. ಈಗ ಬತ್ತಾವ್ರೋ ಇಲ್ವೋ..." ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಕತ್ಲೆ ಐತೆ ಅಂತ ಓದ್ರೇನೋ."

ಅವನು ತಾನು ಬರೆದದ್ದನ್ನೆಲ್ಲ ಅಳಿಸಿ ಹಳೆಯ ಪ್ರೋಗ್ರಾಮನ್ನೇ ಮತ್ತೆ ತುಂಬಿದ. ಕಾಲಿನಿಂದ ನೆಲವನ್ನು ಒಮ್ಮೆ ತುಳಿದ. ಕೆಂಪು ದೀಪ ಮಿನುಗಿ ಆರಿತು.

ಇಬ್ಬರೂ ಗೋಡೆಗೊರಗಿ ಕುಳಿತರು. ಚಾವಣಿಯ ತಗಡು ಚಳಿಗೆ ಕುಗ್ಗಿ ಕಟಕ್ ಎಂದಿತು. ದಿಬ್ಬದ ಕಡೆಯಿಂದ ಗಾಳಿ... ಸುಯ್ಯೆಂದು ಬಂದು, ಬಾಗಿಲ ಸಂದಿಯಲ್ಲಿ ಸಣ್ಣಗೆ ಸಿಳ್ಳೆ ಹಾಕಿ, ನಿಂತಿತು. ದೀಪ ಮಿನುಗಲಿಲ್ಲ. ಬಹಳ ಹೊತ್ತು ಮಿನುಗಲಿಲ್ಲ.

"ಓದ್ರು," ಎಂದಳು ಇಂದ್ರಾಣಮ್ಮ.

ಆಗ ಮಿನುಗಿತು.

ಬಲು ಮಂಕು. ಬಾವಿಯ ಕಡೆ ಇರಬೇಕು. ಮತ್ತೊಮ್ಮೆ... ಮತ್ತೊಮ್ಮೆ. ಲ್ಯಾಪ್‌ಟಾಪಿನ ತೆರೆಯ ಮೇಲೆ ಗೆರೆಗಳು ಒಂದಕ್ಕಿಂತ ಒಂದು ಎತ್ತರವಾಗಿ ಏಳತೊಡಗಿದವು. ಗಿರಿ ಕಿವಿಗೊಟ್ಟ. ಹೊರಗೆ ಹೆಜ್ಜೆಯ ಸದ್ದಿಲ್ಲ. ಜಲ್ಲಿ ಕದಲಲಿಲ್ಲ, ನಾಯಿ ಬೊಗಳಲಿಲ್ಲ. ಕೆಂಪು ಮಿಣುಕು ಮಾತ್ರ ಬರಬರುತ್ತ ಪ್ರಖರವಾಯಿತು. ಅದುರು ಬಾಗಿಲಿಗೆ ಬಂದು... ನಿಂತಿತು.

ಕತ್ತಲು.

ಇಂದ್ರಾಣಮ್ಮ ಎದ್ದಳು. ಗಿರಿ ಆಕೆಯ ಕೈ ಹಿಡಿದ. "ಬ್ಯಾಡಮ್ಮಾ."

"ಬುಡಪ್ಪ. ದೀಪ ಆರ್ದಾಗ ಎಂಗಿತ್ತು ಅಂತ ನಾನು ಕಂಡಿವ್ನಿ."

ಅಗುಳಿ ಸರಿಯಿತು... ಕರಕ್. ಹೊಸ್ತಿಲಾಚೆ ಬೆಳ್ಳನೆಯ ನೆಲ, ಅದರ ಮೇಲೆ ಯಾರೂ ಇಲ್ಲ. ಆಕೆ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಕೂಲಿ ಮುಗಿಸಿ ಬಂದ ಗಂಡನನ್ನು ಕರೆಯುವ ಸಾಮಾನ್ಯ ದನಿಯಲ್ಲೇ ತಮಿಳಿನಲ್ಲಿ ಅಂದಳು:

"ಉಳ್ಳ ವಾಂಗ."

ಒಳಗೆ ಬನ್ನಿ, ಎಂದು.

ದೀಪ ಒಮ್ಮೆ ಮಿನುಗಿತು. ಆ ಒಂದು ಅದುರು ಮಾತ್ರ ಗಿರಿಯ ಅಂಗಾಲಿಗೂ ತಾಗಿತು.

ಇಂದ್ರಾಣಮ್ಮ ಬಾಗಿಲು ಮುಚ್ಚಿದಳು. ಬಳಿಕ ಇವನತ್ತ ತಿರುಗಿ, "ನೀನು ಓಗಪ್ಪ, ಕನಕಮ್ಮನ ಮನ್ಯಾಗೆ ಮಲಿಕ್ಕೊ. ಅವ್ರು ಒಸಬ್ರ ಮುಂದೆ ಬಾಯಿ ಬುಡಲ್ಲ," ಎಂದಳು. ಅವನು ಬ್ಯಾಗನ್ನೂ ಮುಚ್ಚದೆ ಹೊರಬಿದ್ದ. ಇರುಳಿಡೀ ಫೋನಿನಲ್ಲಿ ದಾಖಲೆ ನೋಡುತ್ತ ಕುಳಿತ. ತಾನು ಹೊರಟ ಹೆಜ್ಜೆಗಳಿದ್ದವು. ಬಾವಿಯ ಕಡೆಗೆ ಹೋದ ಹೆಜ್ಜೆಗಳಿರಲಿಲ್ಲ. ಮರುರಾತ್ರಿಯಿಂದ ಬರುವ ಹೆಜ್ಜೆಗಳೂ ಇಲ್ಲ. ಬ್ಯಾಟರಿ ಬಾಳುತ್ತಿದೆ. ಇಂದ್ರಾಣಮ್ಮ ಸತ್ತಳೆಂದು ನೀವು ಎಣಿಸಿದ್ದರೆ, ಇಲ್ಲ. ಮೊನ್ನೆಯೂ ಆಂಡರ್ಸನ್‌ಪೇಟೆಯ ಸಂತೆಯಲ್ಲಿ ಶುಂಠಿ ಕೊಳ್ಳುತ್ತಿದ್ದಳು.

ಗಿರಿ ಹೇಳಿದ್ದನ್ನು ನಾನು ನಂಬಲಿಲ್ಲ. ಅವನನ್ನೇ ಕರೆದುಕೊಂಡು ಹೋದೆ. ಕನಕಮ್ಮ ಜಗಲಿಯ ಮೇಲೆ ಅವನನ್ನು ತಡೆದಳು.

"ಏನ್ಲಾ ಗಿರಿ, ನಿಮ್ಮ ಇಂದ್ರಾಣಮ್ಮ ಈ ವಯಸ್ನಾಗೆ ಯಾರ್ನ ಇಟ್ಕೊಂಡವ್ಳೆ? ರಾತ್ರಿಯೆಲ್ಲಾ ಗಂಡ್ಸು ಕೆಮ್ತಾನೆ, ನಂಗೆ ನಿದ್ದೆ ಇಲ್ಲ."

ಒಳಗಿನಿಂದ ಇಂದ್ರಾಣಮ್ಮನ ಉತ್ತರ ಬಂತು. "ಕಷಾಯ ಕೊಡ್ತಾ ಇವ್ನಿ ಕನಕಾ. ಕಮ್ಮಿ ಆಯ್ತದೆ."

ಆ ರಾತ್ರಿ ನಾನು ಕನಕಮ್ಮನ ಮನೆಯಲ್ಲೇ ಉಳಿದು ನಡುಗೋಡೆಗೆ ಕಿವಿಯಿಟ್ಟೆ. ಕೇಳಿದ್ದನ್ನೇ ಹೇಳುತ್ತಿದ್ದೇನೆ, ಒಂದು ಮಾತನ್ನೂ ಕೂಡಿಸಿಲ್ಲ. ಗಣಿಯ ಕಲ್ಲುಪುಡಿ ಕುಡಿದ ಎದೆಯ ಒಣ ಕೆಮ್ಮು... ಅದು ನಿಂತಾಗ, ಲೋಟದೊಳಗೆ ಚಮಚ ಆಡಿಸುವ ಸದ್ದು.