ಕರಾಜಾರ್ ದಾರಿಯ ಟಾರ್ಚು

ದೀಪ ಸ್ವಲ್ಪ ತಗ್ಗಿಸಿ... ಇಷ್ಟು ಸಾಕು. ಇದು ಯಾರೋ ಯಾರಿಗೋ ಹೇಳಿ, ಸುತ್ತಿ ಬಳಸಿ ನನ್ನ ಕಿವಿಗೆ ಬಿದ್ದದ್ದಲ್ಲ. ನಮ್ಮ ಚಿಕ್ಕಮ್ಮನ ಮಗ ಮೆದೆರ್‌ಗೆ ಆದದ್ದು. ಹೋದ ಬೇಸಗೆಯಲ್ಲಿ, ಕರಾಜಾರ್ ಕೊರಕಲಿನಲ್ಲಿ.

ರಾತ್ರಿ ಹನ್ನೊಂದು ದಾಟಿತ್ತು. ಮೆದೆರ್ ಪೇಟೆಯ ಕೆಲಸ ಮುಗಿಸಿ ಮೇಲಿನ ಹುಲ್ಲುಗಾವಲಿಗೆ ಒಬ್ಬನೇ ಹೊರಟಿದ್ದ, ಕಂದು ಕುದುರೆಯ ಮೇಲೆ. ಬುಗ್ಗೆಯ ಪಕ್ಕದ ಒಂಟಿ ಮರ ಬಂತು. ಕೊಂಬೆಗೆ ಕಟ್ಟಿದ ಹರಕೆಯ ಚಿಂದಿಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಕೆಳಗೆ ನೀರು ಗುಳು... ಗುಳು... ಮೇಲಿನ ದಿಬ್ಬದಲ್ಲಿ ಅವನ ಅಣ್ಣ ಜಾಪರನ ಗೋರಿ. ಮೆದೆರ್ ಕುದುರೆ ನಿಲ್ಲಿಸಿ, ಪ್ರಾರ್ಥನೆ ಹೇಳಿ, ಎರಡೂ ಅಂಗೈಗಳಿಂದ ಮುಖ ಸವರಿಕೊಂಡ. ಯಾವಾಗಲೂ ಅಣ್ಣನಿಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತಿದ್ದ. ಅವತ್ತು ಬಾಯಿ ಬರಲಿಲ್ಲ.

ಯಾಕೆಂದರೆ ಅವನ ಜೇಬಿನಲ್ಲಿ ಹೊಸ ಟಾರ್ಚು ಇತ್ತು.

ಇನ್ನು ನಾಲ್ಕು ದಿನ ಕಳೆದರೆ ಜಾಪರ್ ಸತ್ತು ವರ್ಷ ತುಂಬುತ್ತಿತ್ತು. ತಪ್ಪಿಸಿಕೊಂಡ ಹೆಣ್ಣುಕುದುರೆಯನ್ನು ಹುಡುಕಲು ರಾತ್ರಿ ಹೋದವನು ಕರಾಜಾರ್ ದಾರಿಯಲ್ಲಿ ಕುದುರೆಸಮೇತ ಕೆಳಕ್ಕೆ ಬಿದ್ದಿದ್ದ. ನಲವತ್ತನೆಯ ದಿನದ ಊಟದಲ್ಲಿ ಅವನ ಹೆಂಡತಿ ಬುರುಲ್ ಎಲ್ಲರೆದುರು ಒಂದೇ ಮಾತು ಹೇಳಿದ್ದಳು: "ಟಾರ್ಚು ಕೈಕೊಡ್ತು. ಇಲ್ಲದಿದ್ರೆ ಅವರು ಬೀಳ್ತಿರಲಿಲ್ಲ." ಆ ಟಾರ್ಚು ತಂದುಕೊಟ್ಟವನು ಮೆದೆರ್. ಲಾರಿಯವನೊಬ್ಬನ ಹತ್ತಿರ ಇನ್ನೂರು ಸೋಮ್ ಕೊಟ್ಟು, ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿಕೊಂಡು ತಂದಿದ್ದ. ಅದು ಹೊತ್ತಿಕೊಂಡದ್ದಕ್ಕಿಂತ ಮುನಿಸಿಕೊಂಡದ್ದೇ ಹೆಚ್ಚು. ಜಾಪರ್ ಅದನ್ನು ಅಂಗೈಗೆ ಬಡಿದು ಬಡಿದು ಎಬ್ಬಿಸುತ್ತಿದ್ದ.

ಆ ಊಟದಿಂದೀಚೆಗೆ ಬುರುಲ್ ಮೈದುನನ ಮುಖ ನೋಡಿ ಮಾತಾಡಿರಲಿಲ್ಲ. ಚಹಾ ಬಗ್ಗಿಸಿ ಅವನ ಮುಂದೆ ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ವರ್ಷದ ಊಟ ಮುಗಿಸಿ ತವರಿಗೆ ಹೊರಟುಹೋಗುತ್ತೇನೆ ಎಂದು ಅತ್ತೆಗೆ ಹೇಳಿಯೂ ಆಗಿತ್ತು. ಮೆದೆರ್‌ಗೆ ಬೇಕಾಗಿದ್ದದ್ದು ಅವಳ ಕ್ಷಮೆ. ಅದನ್ನು ಕೇಳಲು ಬಾಯಿಲ್ಲದ ಗಂಡಸು, ಟಾರ್ಚು ಕೊಳ್ಳಲು ಹೋದ.

ಪೇಟೆಯಲ್ಲಿ ಶಾರಿಪಾ ಅಂತ ಒಬ್ಬಳು ಬೀಗ, ಹಗ್ಗ, ಲಾಳ, ಟಾರ್ಚು ಮಾರುತ್ತಾಳೆ. ನಾಲಗೆ ಹರಿತ.

"ಟಾರ್ಚು ನಿನಗೋ, ನಿನ್ನ ಕುದುರೆಗೋ?" ಎಂದಳು.

"ನನಗೆ."

"ಹಾಗಾದ್ರೆ ಇಳಿದು ನಡ್ಕೊಂಡು ಹೋಗು. ಸವಾರಿ ಮಾಡೋನು ಕುದುರೆಗೆ ಬೇಕಾದ್ದು ತಗೋತಾನೆ."

"ಅಕ್ಕ, ಬಿದ್ರೆ ಒಡೀಬಾರದು. ಮಳೇಲಿ ಆರಬಾರದು. ಅಷ್ಟು ಕೊಡು."

ಅವಳು ಒಂದು ಟಾರ್ಚನ್ನು ಹಚ್ಚಿ, ಕಲ್ಲುನೆಲಕ್ಕೆ ಬಿಟ್ಟಳು. ಠಣ್. ಉರಿಯುತ್ತಲೇ ಇತ್ತು. ಎತ್ತಿ ಬಕೆಟ್ಟಿನ ನೀರಿಗೆ ಹಾಕಿದಳು. ತಳದಲ್ಲಿ ಮೀನಿನ ಹಾಗೆ ಬೆಳ್ಳಗೆ ಹೊಳೆಯಿತು. "ಒರಟು ಅಲ್ಯೂಮಿನಿಯಂ. ಎರಡು ದಪ್ಪ ಸೆಲ್ಲು, ಯಾವ ಹಳ್ಳಿ ಅಂಗಡೀಲೂ ಸಿಗುತ್ತೆ. ಚಾರ್ಜ್ ಮಾಡೋದು ತಗೊಂಡು ಮೇಲೆ ಯಾರ ತಲೆಗೆ ವೈರು ಸಿಕ್ಕಿಸ್ತೀಯಾ? ಗುಂಡಿ ದಪ್ಪ ಇದೆ, ಕೈಗವಸು ಹಾಕಿದ್ರೂ ಒತ್ತಬಹುದು. ಬೆಲೇನೂ ಮೈ ಸುಡಲ್ಲ."

"ಇದಕ್ಕಿಂತ ಬೆಳಕು ಜಾಸ್ತಿ ಇರೋದು?"

"ಇದೆ. ಕೊಡಲ್ಲ."

"ಯಾಕೆ?"

"ಬೆಳಕಿನ ಒಳಗಿರೋದು ನಿನಗೆ ಕಾಣುತ್ತೆ. ಅದರ ಆಚೆಗಿರೋದು ಕುದುರೆಗೆ ಕಾಣದ ಹಾಗಾಗುತ್ತೆ. ಅದು ಕಾರಿನವರ ಸಾಮಾನು ಕಣೋ."

ಮೆದೆರ್ ಕೇಳಲಿಲ್ಲ. ಕತ್ತಲು ಅಣ್ಣನನ್ನು ತಿಂದಿತ್ತು, ಇವನಿಗೆ ಬೆಳಕಿನ ಹಸಿವು. ಅದೇ ಬಗೆಯ ಎರಡು ಸೆಲ್ಲಿನವುಗಳಲ್ಲಿ ಎಲ್ಲಕ್ಕಿಂತ ಪ್ರಖರವಾದದ್ದನ್ನು ಹಟ ಮಾಡಿ ತೆಗೆದುಕೊಂಡ. ಬೆಳಿಗ್ಗೆ ಹೋಗು ಎಂದು ಹಳ್ಳಿಯವರು ತಡೆದರು. ಆದರೆ ಮೇಲೆ ಹುಲ್ಲುಗಾವಲಲ್ಲಿ ಎರಡು ದಿನದಿಂದ ತೋಳ ಸುತ್ತುತ್ತಿತ್ತು. ಗುಡಾರದಲ್ಲಿ ಇದ್ದವರು ಬುರುಲ್ ಮತ್ತು ಕಿವಿ ಕೇಳದ ಅವ್ವ, ಇಬ್ಬರೇ. ಅವನು ಹೊರಟೇಬಿಟ್ಟ.

ಬುಗ್ಗೆ ದಾಟಿ ಅರ್ಧ ಗಂಟೆಗೆ ಕರಾಜಾರ್ ಶುರುವಾಗುತ್ತದೆ. ಎಡಕ್ಕೆ ಬಂಡೆ. ಬಲಕ್ಕೆ ಏನೂ ಇಲ್ಲ. ಎಲ್ಲೋ ಕೆಳಗೆ ಹೊಳೆ ಹೋ... ಎಂದು ಒಂದೇ ಸಮನೆ ಮೊರೆಯುತ್ತಿರುತ್ತದೆ. ಮೆದೆರ್ ಟಾರ್ಚು ಹಚ್ಚಿದ. ಹಗಲಾದಂತಾಯಿತು. ಒಂದೊಂದು ಕಲ್ಲೂ, ಕಲ್ಲಿನ ನೆರಳೂ ಕಂಡಿತು. ಲಾಳದ ಸದ್ದು ಚಟ್... ಚಟ್... ಚಟ್... ಅವನಿಗೆ ಧೈರ್ಯ ಬಂತು.

ತಿರುವಿನಲ್ಲಿ ಕುದುರೆ ನಿಂತಿತು.

ಮುಂದೆ ದಾರಿ ಬೆಳ್ಳಗೆ, ಅಗಲವಾಗಿ, ಸಪಾಟಾಗಿ ಬಿದ್ದಿತ್ತು. ಮೆದೆರ್ ಹಿಮ್ಮಡಿಯಿಂದ ಒತ್ತಿದ. ಕುದುರೆ ಫುರ್ರ್... ಎಂದು ಮೂಗಿನಿಂದ ಗಾಳಿ ಬಿಟ್ಟಿತು. ಕದಲಲಿಲ್ಲ. ಚಾಟಿ ಎತ್ತಿದ.

ಟಪ್... ಟಪ್...

ಬೆನ್ನ ಹಿಂದೆ. ಹತ್ತಿರದಲ್ಲೇ. ಯಾರೋ ಟಾರ್ಚನ್ನು ಅಂಗೈಗೆ ಬಡಿಯುತ್ತಿದ್ದ ಸದ್ದು. ಲೋಹ ಚರ್ಮಕ್ಕೆ ತಾಗುವ, ಒಳಗೆ ಸಡಿಲವಾದ ಸೆಲ್ಲು ಅಲುಗುವ ಸದ್ದು. ಅದನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ.

ಚಾಟಿ ಎತ್ತಿದ ಕೈ ಹಾಗೇ ನಿಂತಿತು. ನಮ್ಮಲ್ಲಿ ರಾತ್ರಿ ಹೊತ್ತು ಹಿಂದಿನಿಂದ ಸದ್ದಾದರೆ ತಿರುಗುವುದಿಲ್ಲ. ಅವನೂ ತಿರುಗಲಿಲ್ಲ.

"ಆರಿಸು."

ಪಿಸುಮಾತು. ಕಿವಿಯ ಪಕ್ಕದಲ್ಲಿ... ಉಸಿರು ಮಾತ್ರ ತಾಗಲಿಲ್ಲ.

"ಯಾರು?"

"ಆರಿಸು, ತಮ್ಮಾ."

"ಕತ್ತಲಾಗುತ್ತೆ, ಅಣ್ಣಾ."

"ನಿನಗೆ ಆಗುತ್ತೆ. ಕುದುರೆಗೆ ಆಗಲ್ಲ."

ಬೆರಳು ಗುಂಡಿಯ ಮೇಲಿತ್ತು. ಒತ್ತಲು ಆಗಲಿಲ್ಲ. ಅವನೇ ಆಮೇಲೆ ಹೇಳಿದ, ಅಷ್ಟು ಭಯ ಹುಟ್ಟಿದಾಗಿನಿಂದ ಪಟ್ಟಿರಲಿಲ್ಲವಂತೆ. ಸತ್ತವನ ಭಯವಲ್ಲ, ಬೆಳಕು ಹೋಗುವ ಭಯ. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿದ.

ಕ್ಲಿಕ್.

ಕಣ್ಣು ಬಿಟ್ಟಾಗ ಮೊದಲು ಏನೂ ಇರಲಿಲ್ಲ. ಆಮೇಲೆ ನಕ್ಷತ್ರ. ಆಮೇಲೆ ಬಂಡೆಯ ಅಂಚು. ಆಮೇಲೆ... ಬೆಳ್ಳಗಿದ್ದ ದಾರಿ ಮೆಲ್ಲಗೆ ಉಸಿರಾಡುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು. ಅದು ದಾರಿಯಲ್ಲ, ಮಂಜು. ದಾರಿ ಕುಸಿದು ಹೋಗಿತ್ತು. ಕೊರಕಲಿನಲ್ಲಿ ತುಂಬಿ ನಿಂತ ಮಂಜಿನ ಮೇಲೆ ಅವನ ಟಾರ್ಚು ನೆಲ ಹಾಸಿ ತೋರಿಸಿತ್ತು. ಕುದುರೆಯ ಗೊರಸಿನಿಂದ ಒಂದು ಕಲ್ಲು ಜಾರಿತು. ಅದು ಬಿದ್ದ ಸದ್ದು ಕೇಳಲಿಲ್ಲ.

"ಲಗಾಮು ಸಡಿಲ ಬಿಡು," ಎಂದಿತು ದನಿ.

ಬಿಟ್ಟ. ಕುದುರೆ ತಾನೇ ಹಿಂದೆ ಸರಿದು, ಎಡಕ್ಕೆ ತಿರುಗಿ, ಬಂಡೆಗಳ ನಡುವೆ ಕುರಿಗಳು ಹತ್ತುವ ಜಾಡು ಹಿಡಿಯಿತು. ಮೆದೆರ್ ಅದರ ಕುತ್ತಿಗೆಗೆ ಅಂಟಿಕೊಂಡಿದ್ದ. ಅಳುತ್ತಿದ್ದ.

"ಅಣ್ಣಾ... ಆ ಟಾರ್ಚು ನಾನು ತಂದದ್ದು."

ಟಪ್... ಟಪ್...

"ಅದು ಉರೀತಾನೇ ಇತ್ತು. ನಾನು ಕುದುರೆ ಮಾತು ಕೇಳಲಿಲ್ಲ."

ಅಷ್ಟೇ. ಮೇಲಿನ ಬಯಲಿಗೆ ಬಂದಾಗ ಬೆನ್ನ ಹಿಂದೆ ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಗುಡಾರದ ಹೊರಗೆ ಬುರುಲ್ ಕೋಲು ಹಿಡಿದು ಮಂದೆ ಕಾಯುತ್ತಿದ್ದಳು. ಮೆದೆರ್ ಕೆಳಗಿಳಿದ. ಅಲ್ಲೇ ಹುಲ್ಲಿನ ಮೇಲೆ ಕೂತ. ಎಲ್ಲ ಹೇಳಿದ. ಕೊನೆಗೆ ಅಣ್ಣನ ಮಾತನ್ನೂ ಹೇಳಿದ. ನಂಬುತ್ತಾಳೆ ಎಂಬ ಆಸೆ ಇರಲಿಲ್ಲ. ತನ್ನ ತಪ್ಪು ಮುಚ್ಚಲು ಸತ್ತವನನ್ನು ಕರೆತಂದ ಎಂದು ಉಗಿಯುತ್ತಾಳೆ ಎಂದುಕೊಂಡಿದ್ದ.

ಅವಳು ಕೋಲು ಕೆಳಗಿಟ್ಟಳು.

"ಗೊತ್ತು," ಎಂದಳು.

"ಏನು ಗೊತ್ತು ಅತ್ತಿಗೆ?"

"ಬೆಳಿಗ್ಗೆ ಕೆಳಗೆ ಮೊದಲು ಇಳಿದವಳು ನಾನು. ಅವರ ಪಕ್ಕದಲ್ಲಿ ಬಿದ್ದು ಉರೀತಿತ್ತು. ಬಿಸಿಲಲ್ಲಿ ಉರೀತಿತ್ತು. ನಾನೇ ಆರಿಸಿದೆ, ಈ ಕೈಯಲ್ಲೇ."

ಮೆದೆರ್‌ಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ. ಒಂದು ವರ್ಷ ಅವನು ನೆಟ್ಟಗೆ ಉಂಡಿರಲಿಲ್ಲ, ನೆಟ್ಟಗೆ ಮಲಗಿರಲಿಲ್ಲ.

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ಅವರು ಬೆಳಿಗ್ಗೆ ಹೋಗ್ತೀನಿ ಅಂದ್ರು. ಕುದುರೆ ಹುಡುಕೋಕೆ ಸೂರ್ಯ ಬೇಕಾ, ಗಂಡಸಲ್ವಾ ಅಂತ ಕೆಣಕಿ ಕಳಿಸಿದವಳು ನಾನು. ಟಾರ್ಚು ಚೆನ್ನಾಗಿತ್ತು ಅಂದ್ರೆ ತಪ್ಪು ಹೊರೋಕೆ ನಾನೊಬ್ಬಳೇ ಉಳೀತೀನಿ."

ಅವಳು ಅವನ ಪಕ್ಕ ಕೂತು ಅತ್ತಳು. ಮದುವೆಯಾಗಿ ಬಂದ ಹೊಸತರಲ್ಲಿ ಮೈದುನನಿಗೆ ತಾನೇ ಇಟ್ಟಿದ್ದ ಅಡ್ಡಹೆಸರು ಹಿಡಿದು ಕರೆದಳು, "ಮರಿಕುದುರೇ, ನನ್ನನ್ನ ಬೈದುಬಿಡು" ಎಂದಳು. ಅವನಿಗೆ ಬೈಯಲು ಆಗಲಿಲ್ಲ. ಸಿಟ್ಟು ಇತ್ತು, ಆದರೆ ಅದಕ್ಕಿಂತ ಸಂಕಟ ಹೆಚ್ಚಾಯಿತು. ವರ್ಷದ ಊಟದ ದಿನ, ಹಿರಿಯರು ಮಾಂಸಕ್ಕೆ ಕೈ ಹಾಕುವ ಮೊದಲೇ ಬುರುಲ್ ಎದ್ದು ನಿಂತು ಎಲ್ಲ ಹೇಳಿದಳು. ನಾನೂ ಅಲ್ಲಿದ್ದೆ. ಅವಳು ತವರಿಗೆ ಹೋಗಲಿಲ್ಲ.

ಬೇಸಗೆ ಪೂರ್ತಿ ಆ ಹೊಸ ಟಾರ್ಚು ಕುರಿದೊಡ್ಡಿಯ ಗೂಟಕ್ಕೆ ನೇತುಬಿದ್ದು ರಾತ್ರಿಯಿಡೀ ಉರಿಯಿತು. ತೋಳ ಹತ್ತಿರ ಸುಳಿಯಲಿಲ್ಲ. ಹಿಮ ಬೀಳುವ ಹೊತ್ತಿಗೆ ಗುಡಾರ ಬಿಚ್ಚುವಾಗ ಬುರುಲ್‌ಗೆ ನೆನಪಾಯಿತು, ಇಷ್ಟು ತಿಂಗಳಾದರೂ ಸೆಲ್ಲು ಬದಲಿಸಿಲ್ಲ. ಮುಚ್ಚಳ ತಿರುಗಿಸಿ ನೋಡಿದಳು. ಎರಡು ಸೆಲ್ಲುಗಳೂ ಮೂತಿಗೆ ಮೂತಿ ಕೊಟ್ಟು, ಎದುರುಬದುರಾಗಿ ಕೂತಿದ್ದವು. ಒಂದು ಉಲ್ಟಾ. ಹಾಗೆ ಹಾಕಿದರೆ ಯಾವ ಟಾರ್ಚೂ ಉರಿಯುವುದಿಲ್ಲ ಅನ್ನುವುದು ಮಕ್ಕಳಿಗೂ ಗೊತ್ತು. ಮೆದೆರ್ ಅದನ್ನು ಒಂದು ಸಲವೂ ಬಿಚ್ಚಿರಲಿಲ್ಲ.

ಬುರುಲ್ ಸರಿಮಾಡಲಿಲ್ಲ. ಹಾಗೇ ಮುಚ್ಚಿ, ಗುಂಡಿ ಒತ್ತಿದಳು. ಉರಿಯಿತು.

ಈಗಲೂ ಅವರ ಮನೆಯಲ್ಲಿದೆ. ನಾನೇ ಬಿಚ್ಚಿ ನೋಡಿದ್ದೇನೆ, ನಾನೇ ಹಚ್ಚಿ ನೋಡಿದ್ದೇನೆ. ರೊಟ್ಟಿ ಮುಟ್ಟಿ ಹೇಳುತ್ತೇನೆ... ಉರಿಯುತ್ತದೆ.